ಗಿಡ್ಡಪ್ಪ ಸೇತುವೆ ದಾಟಿದ್ದು ಹೇಗೆ

ಮೆಲಾಕಾ
೧೦ ನವೆಂಬರ್ ೨೦೨೫, ಸೋಮವಾರ

ಚಿ. ಭವ್ಯಶ್ರೀಗೆ,

ಆಶೀರ್ವಾದ ಯಾವತ್ತಿಗೂ ಇದ್ದದ್ದೇ, ಅದನ್ನು ಬೇರೆಯಾಗಿ ಬರೆಯಬೇಕಾಗಿಲ್ಲ. ಇವತ್ತು ಬರೆಯಬೇಕಾಗಿರುವುದು ಸಿಟ್ಟನ್ನು. ಫೋನಿನಲ್ಲಿ ಬೈಯಲು ಹೊರಟರೆ ನೀನು ಅಳುತ್ತೀಯ, ನೀನು ಅತ್ತರೆ ನನ್ನ ಬೈಗುಳ ಅರ್ಧಕ್ಕೇ ನಿಲ್ಲುತ್ತದೆ. ಶನಿವಾರ ಆದದ್ದೂ ಅದೇ ತಾನೆ? ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ. ಕಾಗದದ ಮೇಲೆ ಮಧ್ಯೆ ಬಾಯಿ ಹಾಕುವವರು ಯಾರೂ ಇಲ್ಲ. ನಿನ್ನ ಮೆಸೇಜುಗಳಿಗೆ ಅಮ್ಮ ಉತ್ತರ ಕೊಡುತ್ತಿಲ್ಲ ಅಂತ ನಿನ್ನ ಅಪ್ಪನಿಗೆ ಫೋನ್ ಮಾಡಿ ಗೋಳಾಡಿದೆಯಂತೆ. ಅವರು ಲ್ಯಾಪ್‌ಟಾಪು ಮುಚ್ಚಿಟ್ಟು ಬಂದು, ಏನೇ ಇದು ನಿಮ್ಮಿಬ್ಬರದು, ಒಂದು ಗೇಮಿನ ವಿಷಯಕ್ಕೆ ಇಷ್ಟು ರಾದ್ಧಾಂತ ಅಂದರು. ಗೇಮಿನ ವಿಷಯವಂತೆ. ಅವರಿಗೆ ನಾನೂ ಏನೂ ಹೇಳಿಲ್ಲ, ನೀನೂ ಹೇಳಿಲ್ಲ, ಪಾಪ ಅವರಾದರೂ ಏನು ಮಾಡಿಯಾರು.

ಕೆಲಸಕ್ಕೆ ರಾಜೀನಾಮೆ ಕೊಟ್ಟು ಮೆಲಾಕಾಗೆ ಬಂದುಬಿಡುತ್ತೇನೆ ಅಂತ ಬರೆದಿದ್ದೀಯ. ಬಂದು ಏನು ಮಾಡುತ್ತೀಯ? ನನ್ನ ಮುಖ ನೋಡಿಕೊಂಡು ಕೂರುತ್ತೀಯಾ? ಬರಬೇಡ. ಮೊದಲು ಇದನ್ನು ಪೂರ್ತಿ ಓದು.

ನಿಮ್ಮ ಆಟ ಅಂಗಡಿಗೆ ಬಂದಿದೆ ಅಂತ ಗೊತ್ತಾದ ಕೂಡಲೇ ಹೋಗಿ ಕೊಂಡೆ. ನೀನು ಕೊಟ್ಟದ್ದು ನನ್ನ ಹತ್ತಿರ ಇತ್ತು, ನಿಜ. ಆದರೆ ಮಗಳು ಮೂರು ವರ್ಷ ಕೂತು ಮಾಡಿದ್ದನ್ನು ಬಿಟ್ಟಿಯಾಗಿ ಆಡಿದರೆ ಅದು ಮರ್ಯಾದೆಯಲ್ಲ. ಅಂಗಡಿಯ ಹುಡುಗಿ, ಮೊಮ್ಮಗನಿಗಾ ಆಂಟಿ, ಒಳ್ಳೆ ಗೇಮ್ ಲಾ ಇದು ಅಂದಳು, ಈ ಊರಿನವರ ಲಾ ಸೇರಿಸಿ. ನನಗೇ ಅಂದೆ. ನಕ್ಕಳು. ನಗಲಿ. ಮೈಸೂರಿನಲ್ಲಿ ನಾವು ಆಡುತ್ತಿದ್ದ ಕ್ಯಾಸೆಟ್ಟು ಅಂಗೈಯಗಲ ಇತ್ತು, ಊದಿ ಊದಿ ಹಾಕಬೇಕಿತ್ತು. ಈಗಿನದು ಉಗುರಿನಷ್ಟು. ಅದನ್ನು ಪರ್ಸಿನಲ್ಲಿಟ್ಟುಕೊಂಡು, ನೀನು ಕೊಟ್ಟ ಪುಟ್ಟ ಯಂತ್ರವನ್ನೂ ಹಿಡಿದುಕೊಂಡು, ಶನಿವಾರ ಆಸ್ಪತ್ರೆಯ ಕ್ಯಾಂಟೀನಿಗೆ ಹೋದೆ. ಜಂಬ ಕೊಚ್ಚಿಕೊಳ್ಳಲು ಯಾರಾದರೂ ಬೇಕಿತ್ತು. ವಿನ್‌ಸ್ಟನ್ ಸಿಕ್ಕಿದ.

ವಿನ್‌ಸ್ಟನ್ ನಿನಗೆ ಗೊತ್ತಲ್ಲ, ಮಂಗಳೂರಿನವನು, ಕಣ್ಣಿನ ಆಪರೇಷನ್ ಮಾಡುವುದನ್ನು ನನ್ನ ಪಕ್ಕದಲ್ಲಿ ನಿಂತು ಕಲಿತವನು. ನನ್ನ ಕೈಯಲ್ಲಿ ಅವನು ತಿಂದಷ್ಟು ಬೈಗುಳವನ್ನು ಈ ದೇಶದಲ್ಲಿ ಇನ್ನಾರೂ ತಿಂದಿಲ್ಲ. ಅವನನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಸರಸ್ವತೀಪುರಂ ಮನೆಯ ಟಿವಿ, ಹಳದಿ ಅಂಗಿ ತೊಟ್ಟು ಓಡುವ ಕುಳ್ಳ, ಅವನಿಗೆ ಐದು ವರ್ಷದ ನೀನು ಗಿಡ್ಡಪ್ಪ ಅಂತ ಹೆಸರಿಟ್ಟದ್ದು. ಮುರುಕು ಸೇತುವೆ ಬಂದರೆ ನಿನ್ನ ಅಪ್ಪ ಕೈಚೆಲ್ಲುತ್ತಿದ್ದದ್ದು. ಕೊನೆಯ ಹಲಗೆಯ ತುತ್ತತುದಿಗೆ ಕಾಲಿಟ್ಟಾಗಲೇ ಬಟನ್ ಒತ್ತಬೇಕು, ಒಂದು ಕೂದಲೆಳೆ ಮೊದಲಾದರೆ ಆಚೆ ದಡ ಸಿಗುವುದಿಲ್ಲ, ತಡವಾದರೆ ನೇರ ಹೊಳೆಗೆ. ನೀನು ಅಮ್ಮಾ ಸೇತುವೆ ಅಂತ ಕೂಗುತ್ತಿದ್ದೆ, ನಾನು ಅಡಿಗೆಮನೆಯಿಂದ ಸೆರಗಿಗೆ ಕೈ ಒರೆಸಿಕೊಂಡು ಬಂದು ದಾಟಿಸಿ ಹೋಗುತ್ತಿದ್ದೆ. ಒಗ್ಗರಣೆ ಸೀಯುವಷ್ಟರಲ್ಲಿ ವಾಪಸು.

ಇನ್ನೂ ದೊಡ್ಡ ಜಂಬ ಒಂದಿತ್ತಲ್ಲ, ಅದನ್ನೂ ಹೇಳಿದೆ. ಮೂರು ವರ್ಷದ ಹಿಂದೆ, ಆ ಹಳೆಯ ಆಟವನ್ನೇ ಹೊಸದಾಗಿ ಮಾಡುವ ನಿಮ್ಮ ಈ ಕೆಲಸ ಶುರುವಾದಾಗ ನೀನು ಕ್ಯಾಮೆರಾ ಹಿಡಿದು ಬಂದದ್ದು. ಹಳೆಯ ಆಟದಲ್ಲಿ ಹಾರುವ ಲೆಕ್ಕ ಎಷ್ಟಿತ್ತು ಅನ್ನುವುದು ಯಾರ ಬಳಿಯೂ ಉಳಿದಿಲ್ಲ, ಚೆನ್ನಾಗಿ ಆಡುವವರನ್ನು ಆಡಿಸಿಯೇ ಅಳೆಯಬೇಕು ಅಂತ ಅಟ್ಟದ ಮೇಲಿದ್ದ ಯಂತ್ರ ಇಳಿಸಿ, ಭಾನುವಾರವಿಡೀ ನನ್ನ ಹೆಬ್ಬೆರಳನ್ನು ಚಿತ್ರ ತೆಗೆದೆ. ಲೋಕದಲ್ಲಿ ಯಾರು ಈ ಆಟ ಕೊಂಡರೂ ಗಿಡ್ಡಪ್ಪ ಹಾರುವುದು ನನ್ನ ಹೆಬ್ಬೆರಳಿನ ಅಳತೆಗೆ ಕಣೋ ವಿನ್‌ಸ್ಟನ್ ಅಂದೆ. ಅವನು ಬಾಯಿ ಬಿಟ್ಟುಕೊಂಡು ಕೇಳಿದ.

ಆಮೇಲೆ ಆಡಿದೆ. ಬಿದ್ದೆ. ಮತ್ತೆ ಆಡಿದೆ, ಮತ್ತೆ ಬಿದ್ದೆ. ನನ್ನ ಅಳತೆಗೇ ಹೊಲಿದ ರವಿಕೆ ನನಗೇ ಹಿಡಿಸುತ್ತಿಲ್ಲ ಅನ್ನುವ ಹಾಗಾಯಿತು. ವಿನ್‌ಸ್ಟನ್ ಒಳ್ಳೆಯವನು, ಬಟನ್ ಲೂಸ್ ಇರಬೇಕು ಮೇಡಂ, ಈಗಿನದ್ದೆಲ್ಲ ಹೀಗೇ ಮಾರಾಯ್ರೆ ಅಂದ. ನೀನು ಆಡು ನೋಡೋಣ ಅಂತ ಕೊಟ್ಟೆ. ಹುಟ್ಟಿದಾಗಿನಿಂದ ಇಂಥದ್ದನ್ನು ಮುಟ್ಟದವನು ಒಂದೆರಡು ಸಲ ಬಿದ್ದು ಆಮೇಲೆ ದಾಟಿಬಿಟ್ಟ. ಸುಲಭ ಉಂಟಲ್ಲ ಮೇಡಂ ಅಂದ. ಕಪಟ ತಿಳಿಯದವನು, ಹಾಗೆ ಅಂದ ಮೇಲೆ ನನ್ನ ಮುಖ ನೋಡಿ ಚಹಾ ತರುತ್ತೇನೆ ಅಂತ ಎದ್ದು ಹೋದ.

ಅವನು ಬರುವಷ್ಟರಲ್ಲಿ ಅಂಗಡಿಯ ಕಾರ್ಡು ತೆಗೆದು ನೀನು ಹಾಕಿಕೊಟ್ಟ ಆಟವನ್ನು ತೆರೆದೆ. ಮೊದಲ ಸಲಕ್ಕೇ ದಾಟಿದೆ. ಅದೇ ಯಂತ್ರ, ಅದೇ ಬಟನ್, ಅದೇ ಹೆಬ್ಬೆರಳು. ಆಟ ಮಾತ್ರ ಎರಡು.

ಅಲ್ಲಿಂದಲೇ ನಿನಗೆ ಫೋನ್ ಮಾಡಿದ್ದು. ಮೊದಲು ನೀನು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡಿದೆ. ಆಮೇಲೆ ಅತ್ತೆ. ಆಮೇಲೆ ಹೇಳಿದೆ. ಕಾಲು ಹಲಗೆಯಿಂದ ಜಾರಿದ ಮೇಲೂ ಹಾರಲು ಚೂರು ಅವಕಾಶ ಎಲ್ಲ ಆಟದಲ್ಲೂ ಇರುತ್ತದೆ, ಅಮ್ಮನ ಯಂತ್ರದಲ್ಲಿ ಮಾತ್ರ ಅದನ್ನು ಜಾಸ್ತಿ ಮಾಡಿದೆ, ವಯಸ್ಸಾಯಿತಲ್ಲ, ಖುಷಿಯಾಗಿ ಆಡಲಿ ಅಂತ ಮಾಡಿದೆ. ಹೀಗೆ ಅಂದೆ. ನಾನು ಫೋನ್ ಇಟ್ಟುಬಿಟ್ಟೆ.

ಈಗ ಕೇಳು, ನಾನು ಯಾಕೆ ಇಟ್ಟೆ ಅಂತ.

ಆಗಸ್ಟ್‌ನಿಂದಲೂ ನನ್ನ ಬಲಗೈ ಸರಿಯಿಲ್ಲ. ನೋವಲ್ಲ, ಏನೂ ಅಲ್ಲ, ಬರೀ ಸೋಮಾರಿತನ. ರವಿಕೆಯ ಹುಕ್ಕು ಹಾಕಲು ಹೊತ್ತು ಹಿಡಿಯುತ್ತದೆ. ಕಾಫಿ ಲೋಟ ನನಗೆ ಗೊತ್ತಿಲ್ಲದೆಯೇ ಎಡಗೈಗೆ ಹೋಗಿದೆ, ನಿನ್ನ ಅಪ್ಪ ನೋಡಿ ಏನು ಹೊಸ ಫ್ಯಾಷನ್ನಾ ಅಂದರು. ಆಪರೇಷನ್ ಕೋಣೆಯಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಬೆರಳು ನಾನು ಹೇಳಿದ ಮೇಲೆ ಒಂದು ಗಳಿಗೆ ಯೋಚಿಸಿ ಚಲಿಸುತ್ತಿತ್ತು. ಬೇರೆ ಯಾರಿಗೂ ಕಾಣುವಂಥದ್ದಲ್ಲ, ನನಗೆ ಕಾಣುತ್ತಿತ್ತು. ನೀನು ಕಲಿಯಬೇಕಪ್ಪ ಅಂತ ನೆಪ ಹೇಳಿ ನನ್ನ ರೋಗಿಗಳನ್ನು ಒಬ್ಬೊಬ್ಬರನ್ನಾಗಿ ವಿನ್‌ಸ್ಟನ್‌ಗೆ ದಾಟಿಸುತ್ತಾ ಬಂದೆ.

ಆ ಹೊತ್ತಿನಲ್ಲೇ ನೀನು ಸೆಪ್ಟೆಂಬರ್‌ನಲ್ಲಿ ಈ ಆಟ ಕಳಿಸಿದ್ದು. ಸೇತುವೆಯಲ್ಲಿ ಬಿದ್ದೆ. ನಿನ್ನ ಮೇಲೆ ಹರಿಹಾಯ್ದೆ, ಮೂರು ವರ್ಷ ಏನು ಕಡಲೇಕಾಯಿ ತಿನ್ನುತ್ತಿದ್ದಿರಾ ಎಲ್ಲರೂ, ಹಾರುವುದು ತಡವಾಗುತ್ತಿದೆ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನೀನು ದಸರಾಗೆ ಬಂದಾಗ ಯಂತ್ರವನ್ನು ತೆಗೆದುಕೊಂಡು ಹೋದೆ. ಮುಂದಿನ ವಾರ ಕೊರಿಯರಿನಲ್ಲಿ ವಾಪಸು ಬಂತು, ಜೊತೆಗೆ ನಿನ್ನ ಮೆಸೇಜು: ನೀನು ಹೇಳಿದ್ದು ಸರಿ ಅಮ್ಮ, ನಮ್ಮದೇ ತಪ್ಪು, ಸರಿ ಮಾಡಿದ್ದೇವೆ. ಆಡಿದೆ. ದಾಟಿದೆ. ದಾಟಿದೆ ಕಣೇ ಅಂತ ನಿನಗೆ ಫೋನ್ ಕೂಡ ಮಾಡಿದೆ. ನನ್ನ ಕೈಗೆ ಏನೂ ಆಗಿಲ್ಲ ಅಂತ ಮನಸ್ಸು ನಿರಾಳವಾಯಿತು. ವಿನ್‌ಸ್ಟನ್‌ಗೆ ಕೊಟ್ಟ ಕೆಲಸ ವಾಪಸು ತೆಗೆದುಕೊಂಡೆ. ಮಾರನೆಯ ದಿನವೇ ಯಜ್ಞನಾರಾಯಣ ಮಾಮನಿಗೆ ದಿನ ಗೊತ್ತು ಮಾಡಿದೆ.

ಮಾಮನನ್ನು ನೀನು ಕನ್ನಡ ಸಂಘದ ಊಟದಲ್ಲಿ ನೋಡಿದ್ದೀಯ. ಬಾಂಗ್ಸಾರ್‌ನಲ್ಲಿ ಮಗನ ಮನೆಯಲ್ಲಿ ಇರುತ್ತಾರೆ, ಎಲ್ಲರ ಎಲೆಗೂ ತಾವೇ ಮುಂದೆ ನಿಂತು ತುಪ್ಪ ಬಡಿಸುವವರು. ನಿನಗೆ ಗೊತ್ತಿಲ್ಲದ್ದು ಏನೆಂದರೆ, ಅವರ ಎಡಗಣ್ಣು ಚಿಕ್ಕಂದಿನಲ್ಲೇ ಚಿನ್ನಿದಾಂಡು ಆಡುವಾಗ ಹೋಯಿತು. ಇರುವುದು ಬಲಗಣ್ಣು ಒಂದೇ. ಅದಕ್ಕೀಗ ಪೊರೆ ಬಲಿತಿದೆ. ಎರಡು ಕಣ್ಣು ಇದ್ದವರಲ್ಲಿ ಏನಾದರೂ ಎಡವಟ್ಟಾದರೆ ಇನ್ನೊಂದು ಇರುತ್ತದೆ. ಇವರಿಗೆ ಇಲ್ಲ. ವರ್ಷಗಟ್ಟಲೆ ಮುಂದೂಡಿ, ಸುಗಂಧಿ ಮಾಡಿದರೆ ಮಾತ್ರ ಮಾಡಿಸುತ್ತೇನೆ, ಬೇರೆಯವರ ಕೈಗೆ ಕೊಡಲ್ಲ ಅಂತ ಹಟ ಹಿಡಿದು ಕೂತವರು. ದೀಪಾವಳಿ ಕಳೆಯಲಿ ಅಂದರು, ಆಗಲಿ ಅಂದೆ. ಬರುವ ಗುರುವಾರ ಅವರ ಆಪರೇಷನ್.

ನಿನ್ನ ಆಟ ಸರಿ ಅಂದಿತು, ಅದಕ್ಕೆ ನಾನು ಸರಿ ಅಂದೆ. ಈಗ ಗೊತ್ತಾಯಿತಾ ಒಂದು ಗೇಮಿನ ವಿಷಯ ಏನು ಅಂತ? ಅಮ್ಮನಿಗೆ ಖುಷಿಯಾಗಲಿ ಅಂತ ನೀನು ಮೂಗಿಗೆ ತುಪ್ಪ ಸವರಿದೆ. ಆ ತುಪ್ಪದಲ್ಲಿ ಒಬ್ಬ ಮುದುಕರ ಕಣ್ಣು ಇತ್ತು. ನನಗೆ ಗೊತ್ತಿರಲಿಲ್ಲ ಅಮ್ಮ ಅಂತ ಶನಿವಾರದಿಂದ ಬರೆಯುತ್ತಲೇ ಇದ್ದೀಯ. ಗೊತ್ತಿರಲಿಲ್ಲ ಅನ್ನುವುದು ಒಂದು ಉತ್ತರವೇನೇ? ಯಾವ ವೈದ್ಯರಿಗಾದರೂ ಸುಳ್ಳು ಎಕ್ಸರೇ ಕೊಡುತ್ತಾರಾ ಖುಷಿಯಾಗಲಿ ಅಂತ?

ಹೊರಗೆ ರೋಗಿಗಳು ಕಾಯುತ್ತಿದ್ದಾರೆ. ನರ್ಸು ಬಾಗಿಲಲ್ಲಿ ಇಣುಕಿ ಹೋದಳು. ಉಳಿದದ್ದು ಆಮೇಲೆ ಬರೆಯುತ್ತೇನೆ.

*

ಬುಧವಾರ, ಮಧ್ಯಾಹ್ನ

ಎರಡು ದಿನದಿಂದ ಒಂದು ಕಡೆ ಕೂತಿಲ್ಲ. ಅಂಡು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ಓಡಾಡುತ್ತಿದ್ದೇನೆ. ನಿನ್ನ ಅಪ್ಪ ಸುಮ್ಮನೆ ಕೂತ್ಕೋಬಾರದಾ ಅಂದರೆ ಅವರ ಮೇಲೆ ರೇಗಿದೆ. ಅವರು ಎದ್ದುಹೋಗಿ ಹೋಟೆಲಿನಿಂದ ಊಟ ತಪಾವ್ ಕಟ್ಟಿಸಿಕೊಂಡು ಬಂದರು, ಅದನ್ನು ಕಟ್ಟು ಬಿಚ್ಚದೆ ಮೇಜಿನ ಮೇಲೇ ಬಿಟ್ಟು ಆಸ್ಪತ್ರೆಗೆ ಹೋದೆ. ವಾಪಸು ಬಂದು ತಣ್ಣಗಾದದ್ದನ್ನು ನಿಂತೇ ತಿಂದೆ.

ಮೊದಲು ಮಾಡಿದ ಕೆಲಸ, ದಸರಾದ ಮೇಲೆ ನಾನು ಆಪರೇಷನ್ ಮಾಡಿದ ಪ್ರತಿಯೊಬ್ಬರನ್ನೂ ವಾಪಸು ಕರೆಸಿದ್ದು. ಸುಮ್ಮನೆ ಒಂದು ಸಲ ನೋಡುತ್ತೇನೆ ಅಂತ ಹೇಳಿ ಕರೆಸಿದೆ. ಒಬ್ಬೊಬ್ಬರ ಕಣ್ಣಿಗೂ ದೀಪ ಹಾಕಿ ಎರಡೆರಡು ಸಲ ನೋಡಿದೆ. ಎಲ್ಲರೂ ಚೆನ್ನಾಗಿದ್ದಾರೆ. ಒಬ್ಬ ಚೀನೀ ಅಜ್ಜಿ, ಮನೆಯಲ್ಲಿ ಎಷ್ಟು ಧೂಳಿದೆ ಅಂತ ಈಗ ಕಾಣಿಸುತ್ತಿದೆ, ಸೊಸೆಗೆ ಬೈದೆ ಲಾ ಅಂದಳು. ನಾನು ನಕ್ಕೆ, ಆಮೇಲೆ ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ನಿನ್ನೆ ಬೆಳಗ್ಗೆ ನಾನು ಪಾಠ ಮಾಡುವ ಮೆಡಿಕಲ್ ಕಾಲೇಜಿನಲ್ಲೇ ನರರೋಗ ನೋಡುವ ಡಾ. ಪಯಸ್ ಹತ್ತಿರ ಹೋದೆ. ವೈದ್ಯರಿಗೆ ವೈದ್ಯರ ಹತ್ತಿರ ಹೋಗುವುದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಅವರು ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಬಿಡಿ, ತಾಗಿಸಿ ಬಿಡಿ, ಬೇಗ ಬೇಗ ಅಂದರು. ಎಡಗೈ ಸಲೀಸಾಗಿ ಮಾಡಿತು. ಬಲಗೈ ಶುರುವಿನಲ್ಲಿ ಚುರುಕಾಗಿತ್ತು, ಆಮೇಲೆ ಸಣ್ಣದಾಗುತ್ತಾ ಬಂದು ನಿಂತೇಬಿಟ್ಟಿತು. ನಾವಿಬ್ಬರೂ ಅದನ್ನು ನೋಡುತ್ತಾ ಕೂತಿದ್ದೆವು. ಪಯಸ್ ಕನ್ನಡಕ ಒರೆಸಿಕೊಂಡರು. ನಾನೇ ಹೇಳಿದೆ, ಪಾರ್ಕಿನ್ಸನ್ ಅಲ್ಲವಾ ಅಂತ. ಶುರು ಅಷ್ಟೇ ಸುಗಂಧಿ, ಮಾತ್ರೆ ಉಂಟು, ಇನ್ನೂ ಎಷ್ಟೋ ವರ್ಷ ಪಾಠ ಮಾಡಬಹುದು, ಕಾರು ಓಡಿಸಬಹುದು ಅಂದರು. ಕಣ್ಣಿನ ಆಪರೇಷನ್ ಅಂತ ಕೇಳಿದೆ. ತಲೆಯಾಡಿಸಿದರು, ಬೇಡ ಅನ್ನುವ ಹಾಗೆ.

ನೋಡು, ಹೇಳಿಬಿಟ್ಟೆ. ನಿನ್ನ ಅಪ್ಪನಿಗೂ ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ಅವರು ತುತ್ತು ಕೈಯಲ್ಲೇ ಹಿಡಿದು ಕೂತರು. ನನಗೆ ಅಳು ಬಂತು, ಅತ್ತೆ. ನಾನು ಈ ಕೈಯಿಂದ ಬದುಕಿದವಳು ಭವ್ಯಾ. ಅದು ಹೋದರೆ ನನ್ನಲ್ಲಿ ಏನು ಉಳಿಯುತ್ತದೆ ಅಂತ ನನಗೆ ನಿಜವಾಗಿಯೂ ಗೊತ್ತಾಗುತ್ತಿಲ್ಲ. ಹೆದರಿಕೆ ಆಗುತ್ತಿದೆ.

ಪಯಸ್ ಹತ್ತಿರದಿಂದ ಮನೆಗೆ ಹೋಗಲು ಮನಸ್ಸಾಗಲಿಲ್ಲ. ಸೀದಾ ಬಸ್ಸು ಹತ್ತಿ ನೀನಿರುವ ಕೆಎಲ್‌ಗೆ ಹೋದೆ. ರೈಲು ಬದಲಿಸಿ ಬಾಂಗ್ಸಾರ್‌ನಲ್ಲಿ ಇಳಿದೆ. ಮಾಮನಿಗೆ ಫೋನಿನಲ್ಲಿ ಹೇಳುವ ವಿಷಯವಲ್ಲ ಅದು. ಅವರೇ ಕೆಳಗಿಳಿದು ಬಂದರು, ಮಗ ಆಫೀಸಿನಲ್ಲಿದ್ದಾನೆ, ಸೊಸೆಗೆ ಮೀಟಿಂಗಂತೆ, ಬನ್ನಿ ಡಾಕ್ಟ್ರಮ್ಮ ಅಂತ ಮೂಲೆಯ ಮಮಕ್ ಚಹಾದಂಗಡಿಗೆ ಕರೆದುಕೊಂಡು ಹೋದರು. ಎರಡು ತೆ ತಾರಿಕ್ ಹೇಳಿದರು. ನನ್ನ ಚಹಾ ಬಂದಾಗ ಬೇಕಂತಲೇ ಬಲಗೈಯಲ್ಲಿ ಎತ್ತಿದೆ, ಕೈ ನೋಡಿ ಅವರಿಗೇ ತಿಳಿಯಲಿ ಅಂತ ಹಾಗೇ ಹಿಡಿದೆ. ಅವರ ಒಂದು ಕಣ್ಣಿಗೂ ಪೊರೆ, ಏನೂ ಕಾಣಿಸಲಿಲ್ಲ ಅವರಿಗೆ. ಹಾಗಾಗಿ ಬಾಯಲ್ಲೇ ಹೇಳಬೇಕಾಯಿತು. ಮಾಮ, ನನ್ನ ಕೈಗೆ ಕಾಯಿಲೆ ಬಂದಿದೆ, ನಿಮ್ಮ ಕಣ್ಣು ನಾನು ಮುಟ್ಟುವುದಿಲ್ಲ, ವಿನ್‌ಸ್ಟನ್ ಮಾಡುತ್ತಾನೆ ಅಂದೆ.

ಅವರಿಗೆ ಸಿಟ್ಟು ಬಂತು. ನಾನು ನಿರೀಕ್ಷಿಸಿರಲಿಲ್ಲ. ಅಯ್ಯೋ ಪಾಪ ಅನ್ನುತ್ತಾರೆ ಅಂದುಕೊಂಡಿದ್ದೆ. ಮೂರು ವರ್ಷ ನಿಮ್ಮ ಮುಖ ನೋಡಿಕೊಂಡು ಕಾದೆನಲ್ಲಮ್ಮ, ಈಗ ಯಾವನೋ ಹುಡುಗನ ಕೈಗೆ ಕೊಡಿ ಅಂತೀರಲ್ಲ, ಕುರುಡನಾದರೂ ಪರವಾಗಿಲ್ಲ, ಹೋಗಿ ಅಂದರು. ಪಕ್ಕದ ಮೇಜಿನ ತಮಿಳು ಹೆಂಗಸರು ತಿರುಗಿ ನೋಡಿದರು. ನಾನೂ ಬಿಡಲಿಲ್ಲ. ಯಾವನೋ ಅಲ್ಲ, ನಾನೇ ಕಲಿಸಿದವನು, ನನ್ನ ಕೈ ಚೆನ್ನಾಗಿದ್ದಾಗ ಏನೇನು ಗೊತ್ತಿತ್ತೋ ಅಷ್ಟೂ ಅವನ ಕೈಯಲ್ಲಿದೆ, ಈಗ ನನ್ನ ಕೈಗಿಂತ ಅವನದೇ ವಾಸಿ ಅಂದೆ. ಅವರು ಚಹಾ ಮುಗಿಸಿ ಲೋಟ ಕೆಳಗಿಟ್ಟರು. ಆಮೇಲೆ ಒಂದು ಷರತ್ತು ಹಾಕಿದರು. ಆಪರೇಷನ್ ಆಗುವಾಗ ನೀವು ನನ್ನ ಪಕ್ಕದಲ್ಲೇ ಇರಬೇಕು, ಅವನು ತಪ್ಪು ಮಾಡಿದರೆ ಅಲ್ಲೇ ಬೈಯಬೇಕು, ನಿಮ್ಮ ಬೈಗುಳ ಕೇಳಿಸಿದರೆ ನನಗೆ ಧೈರ್ಯ. ಆಗಲಿ ಮಾಮ ಅಂದೆ.

ವಾಪಸು ಬರುವಾಗ ನಿಮ್ಮ ಆಫೀಸಿನ ಕೆಳಗಿಂದಲೇ ನಡೆದು ಹೋದೆ. ನಿಮ್ಮ ಕಟ್ಟಡದ ಮುಂದೆ ಗಿಡ್ಡಪ್ಪನ ದೊಡ್ಡ ಚಿತ್ರ ಹಾಕಿದ್ದಾರೆ, ಹಳದಿ ಅಂಗಿ ಚೆನ್ನಾಗಿ ಕಾಣುತ್ತದೆ. ಮೇಲೆ ಬರಬೇಕು ಅನ್ನಿಸಿತು. ಬರಲಿಲ್ಲ. ನಿನ್ನ ಮುಖ ನೋಡಿದರೆ ಏನೇನು ಅಂದುಬಿಡುತ್ತಿದ್ದೆನೋ. ನಾಳೆ ಆ ಕಣ್ಣಿಗೆ ಏನಾದರೂ ಆದರೆ ನಾನು ನಿನ್ನನ್ನು ಕ್ಷಮಿಸುತ್ತೇನೋ ಇಲ್ಲವೋ, ನನಗೆ ಗೊತ್ತಿಲ್ಲ. ಹೀಗೆ ಬರೆಯಬಾರದು. ಬರೆದದ್ದಾಗಿದೆ, ಹೊಡೆದು ಹಾಕುವುದಿಲ್ಲ.

*

ಶನಿವಾರ, ಬೆಳಗ್ಗೆ

ಮಾಮನಿಗೆ ಕಣ್ಣು ಕಾಣುತ್ತಿದೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನೀನು ಉಸಿರು ಬಿಗಿಹಿಡಿದು ಓದುತ್ತೀಯ.

ಗುರುವಾರ ಹೇಗಾಯಿತು ಅಂತ ಹೇಳುತ್ತೇನೆ. ಪೊರೆ ತೆಗೆಯುವಾಗ ರೋಗಿಗೆ ಎಚ್ಚರ ಇರುತ್ತದೆ, ಕಣ್ಣಿಗೆ ಮಾತ್ರ ಮರಗಟ್ಟುವ ಔಷಧಿ. ಮುಖದ ಮೇಲೆ ಬಟ್ಟೆ ಹೊದಿಸಿರುತ್ತೇವೆ, ಮಾತಾಡಬಾರದು, ಅಲ್ಲಾಡಬಾರದು. ಅದಕ್ಕೆ ಒಬ್ಬ ನರ್ಸು ಅವರ ಕೈ ಹಿಡಿದು ಪಕ್ಕದಲ್ಲಿ ಕೂರುತ್ತಾಳೆ. ಕೆಮ್ಮೋ ಸೀನೋ ಬರುವ ಹಾಗಾದರೆ ಆ ಕೈಯನ್ನು ಅದುಮಬೇಕು, ತಕ್ಷಣ ಆಪರೇಷನ್ ನಿಲ್ಲಿಸುತ್ತೇವೆ. ಇಷ್ಟು ವರ್ಷ ಆ ಸ್ಟೂಲಿನ ಕಡೆ ತಿರುಗಿಯೂ ನೋಡಿದವಳಲ್ಲ ನಾನು. ಗುರುವಾರ ನರ್ಸನ್ನು ಎಬ್ಬಿಸಿ ನಾನೇ ಅಲ್ಲಿ ಕೂತೆ. ಮಾಮನ ಕೈಯನ್ನು ನನ್ನ ಬಲಗೈಯಲ್ಲಿ ತೆಗೆದುಕೊಂಡೆ.

ವಿನ್‌ಸ್ಟನ್ ಶುರು ಮಾಡಿದ. ನನಗೆ ಬೈಯಲು ಏನೂ ಸಿಗಲಿಲ್ಲ. ಷರತ್ತು ಇದೆಯಲ್ಲ ಅಂತ ಒಂದೆರಡು ಸಲ ಸುಮ್ಮಸುಮ್ಮನೆ, ಏನೋ ಅದು, ನೋಡಿ ಮಾಡು ಅಂದೆ. ಅವನು ಹ್ಞೂಂ ಮೇಡಂ ಅಂದ. ಮಾಮನ ಹೊಟ್ಟೆ ನಗುವಿನಿಂದ ಕುಲುಕಿತು, ಅದಕ್ಕೆ ಅವರಿಗೂ ಬೈದೆ. ಹೊಸ ಮಸೂರ ಕೂರಿಸುವ ಮುಂಚೆ ಪೊರೆಯ ಚೂರುಗಳನ್ನೆಲ್ಲ ಎಳೆದುಕೊಳ್ಳುವ ಗಳಿಗೆ ಬರುತ್ತದೆ, ಅಲ್ಲಿ ತಪ್ಪಿದರೆ ಮಸೂರ ಕೂರಬೇಕಾದ ತೆಳು ಚೀಲ ಹರಿಯುತ್ತದೆ, ಎಲ್ಲಕ್ಕಿಂತ ಅಪಾಯದ ಜಾಗ ಅದೇ. ಸರಿಯಾಗಿ ಆಗಲೇ ಮಾಮ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿದರು.

ನಿಲ್ಲಿಸು ಅಂತ ಕೂಗಿದೆ. ವಿನ್‌ಸ್ಟನ್ ಕಲ್ಲಾಗಿ ನಿಂತ. ಕೆಮ್ಮು ಬರಲಿಲ್ಲ. ಸೀನೂ ಬರಲಿಲ್ಲ. ಏನಾಯಿತು ಮಾಮ ಅಂದೆ. ಬಟ್ಟೆಯ ಕೆಳಗಿಂದ ತುಟಿ ಮಾತ್ರ ಅಲ್ಲಾಡಿಸಿ, ನನಗೇನಿಲ್ಲ, ನಿಮ್ಮ ಕೈ ನಡುಗ್ತಾ ಇತ್ತು ಡಾಕ್ಟ್ರಮ್ಮ, ಹೆದರಬೇಡಿ ಅಂತ ಹಿಡ್ಕೊಂಡೆ ಅಂದರು.

ಯಾರೂ ನಗಲಿಲ್ಲ. ನನ್ನ ಕೈ ಅಷ್ಟು ನಡುಗುತ್ತಿದೆ ಅಂತ ನನಗೇ ಗೊತ್ತಿರಲಿಲ್ಲ. ಅದೇ ಕೈ ಆ ಹೊತ್ತಿನಲ್ಲಿ ಅವರ ಕಣ್ಣಿನೊಳಗೆ ಇರಬೇಕಾಗಿತ್ತು. ವಿನ್‌ಸ್ಟನ್ ನನ್ನ ಕಡೆ ನೋಡಿದ, ಅವನಿಗೂ ಆಗಲೇ ಎಲ್ಲ ಅರ್ಥವಾಗಿದ್ದು. ಮುಂದುವರಿಸಪ್ಪ ಅಂದೆ. ಮುಂದುವರಿಸಿದ. ಕೊನೆಯ ಚೂರು ಬಂತು, ಚೀಲ ಉಳಿಯಿತು, ಮಸೂರ ಕೂತಿತು. ನನ್ನ ಕೈಯನ್ನು ಮಾಮ ಕೊನೆಯವರೆಗೂ ಬಿಡಲಿಲ್ಲ.

ನಿನ್ನೆ ಬೆಳಗ್ಗೆ ಕಟ್ಟು ಬಿಚ್ಚಿದೆವು. ಮೊದಲು ವಿನ್‌ಸ್ಟನ್‌ನನ್ನು ನೋಡಿ ಎಷ್ಟು ಚಿಕ್ಕ ಹುಡುಗ ಅಂದರು. ಆಮೇಲೆ ನನ್ನನ್ನು ನೋಡಿ, ನಿಮಗೆ ಇಷ್ಟು ನೆರೆ ಬಂದಿದೆಯಾ, ನಾನು ಏನೋ ಚಿಕ್ಕವರು ಅಂದುಕೊಂಡಿದ್ದೆನಲ್ಲ ಅಂದರು. ಅವರ ಮಗ ಕ್ಷಮಿಸಿ ಕ್ಷಮಿಸಿ ಅಂತ ಕೈಮುಗಿದ. ನಾನು ಆಸ್ಪತ್ರೆಗೆಲ್ಲ ಕೇಳುವ ಹಾಗೆ ನಕ್ಕೆ. ಸಂಜೆ ನಿರ್ದೇಶಕರಿಗೆ ಹೇಳಿ ಆಪರೇಷನ್ ಪಟ್ಟಿಯಿಂದ ನನ್ನ ಹೆಸರು ತೆಗೆಸಿದೆ. ಪಾಠ ಮಾಡುತ್ತೇನೆ. ವಿನ್‌ಸ್ಟನ್‌ನ ಪಕ್ಕ ನಿಂತು ಬೈಯುತ್ತೇನೆ. ಅದಕ್ಕೆ ಕೈ ಬೇಕಾಗಿಲ್ಲ.

ಮನಸ್ಸು ಇನ್ನೂ ನಿಲ್ಲುತ್ತಿಲ್ಲ. ಇದನ್ನು ಬರೆಯುವಾಗಲೂ ನಡುವೆ ಎದ್ದು ಹೋಗಿ ಗಿಡಕ್ಕೆ ನೀರು ಹಾಕಿ ಬಂದೆ, ಬಂದು ನೋಡಿದರೆ ಮಳೆ ಬರುತ್ತಿದೆ. ಮಾತ್ರೆ ಶುರು ಮಾಡಿದ್ದೇನೆ, ಹೊಟ್ಟೆ ತೊಳಸುತ್ತದೆ. ನಿನ್ನ ಅಪ್ಪ ಬೆಳಗ್ಗೆ ರವಿಕೆಯ ಹುಕ್ಕು ಹಾಕಿಕೊಟ್ಟರು, ಅಪರೂಪಕ್ಕೆ ಒಂದು ಕೆಲಸ ನೆಟ್ಟಗೆ ಮಾಡಿದರು. ನೀನು ರಾಜೀನಾಮೆ ಕೊಟ್ಟಿದ್ದರೆ ಸೋಮವಾರ ಹೋಗಿ ವಾಪಸು ತೆಗೆದುಕೋ. ಕೊಟ್ಟಿಲ್ಲದಿದ್ದರೆ ಆ ಮಾತು ಮತ್ತೆ ಎತ್ತಬೇಡ. ನಿನ್ನ ಆಟ ಚೆನ್ನಾಗಿದೆ. ಅಂಗಡಿಯದ್ದು, ಅದೇ ಸರಿಯಾದದ್ದು. ಯಾರು ಏನೇ ಕೇಳಿದರೂ ಅದರಲ್ಲಿ ಒಂದು ಚೂರೂ ಬದಲಾಯಿಸಬೇಡ.

ಮುಂದಿನ ಶನಿವಾರ ಊಟಕ್ಕೆ ಬಾ. ಅತ್ತುಕೊಂಡು ಬರಬೇಡ.

ಇತಿ,
ಸಿಟ್ಟು ಇನ್ನೂ ಪೂರ್ತಿ ಇಳಿಯದ
ನಿನ್ನ ಅಮ್ಮ
ಸುಗಂಧಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಆಗದೆ ಬಿಟ್ಟದ್ದು. ಕವರಿಗೆ ಹಾಕಿ, ಅಂಟಿಸಿ, ಮತ್ತೆ ಹರಿದು ತೆಗೆದೆ. ಮೇಲೆ ಅಷ್ಟುದ್ದ ನಿನ್ನನ್ನು ಬೈದಿದ್ದೇನಲ್ಲ, ಅದನ್ನೆಲ್ಲ ನಂಬಬೇಡ. ಕೊರಿಯರಿನಲ್ಲಿ ಬಂದ ಆಟವನ್ನು ಆಡಿದ ಮೊದಲ ದಿನವೇ ನನಗೆ ಗೊತ್ತಾಗಿತ್ತು. ಗಿಡ್ಡಪ್ಪ ಹಲಗೆ ಮುಗಿದ ಮೇಲೆ ಗಾಳಿಯಲ್ಲಿ ಒಂದು ಹೆಜ್ಜೆ ಓಡಿ ಆಮೇಲೆ ಹಾರಿದ. ಜೀವಮಾನವಿಡೀ ಮೈಕ್ರೋಸ್ಕೋಪಿನಲ್ಲಿ ನೋಡಿದ ಕಣ್ಣಿಗೆ ಅದು ಕಾಣಿಸುವುದಿಲ್ಲವೇನೇ? ಕಾಣಿಸಿತು. ಕಂಡೂ ನಿನಗೆ ದಾಟಿದೆ ಕಣೇ ಅಂತ ಫೋನ್ ಮಾಡಿದೆ. ಕಂಡೂ ಮಾರನೆಯ ದಿನ ಮಾಮನಿಗೆ ದಿನ ಗೊತ್ತು ಮಾಡಿದೆ. ನಿನ್ನ ತಪ್ಪು ಇದರಲ್ಲಿ ಏನೂ ಇಲ್ಲ ಪುಟ್ಟಿ. ಆ ದಿನ ನೀನು ಸರಿ ಅಮ್ಮ ಅಂದ ಮೇಲೂ ಫೋನ್ ಇಡಲಿಲ್ಲ, ಅಮ್ಮ ಏನಾದರೂ ಕೇಳುತ್ತಾಳೆ ಅಂತ ಕಾಯುತ್ತಿದ್ದೆ. ಕೇಳಿದ್ದರೆ ನೀನು ನಿಜ ಹೇಳಿಬಿಡುತ್ತಿದ್ದೆ. ಅದಕ್ಕೇ ನಾನು ಕೇಳಲಿಲ್ಲ.